ಸೀಮೆಹಸುವಿನ ಸೀಮೆಯಲ್ಲಿ

ನಮ್ಮ ಭಾಷೆಯಲ್ಲಿ ‘ಸೀಮೆ’ ಎಂಬುದೊಂದು ಚಮತ್ಕಾರದ ಮಾತು. ಸೀಮೆಯೆಂದರೆ ಎಲ್ಲೆ, ಎಲ್ಲೆಯೊಳಗಿನ ನಾಡೂ ಸೀಮೆಯೇ. ಆದರೆ ಅದನ್ನೇ ಮತ್ತೊಂದು ಪದದ ತಲೆಗೆ ಕಟ್ಟಿದಿರೋ, ಆ ವಸ್ತು ಆ ಕ್ಷಣವೇ ಕಡಲಾಚೆಯದಾಗಿಬಿಡುತ್ತದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಗೊಬ್ಬರ. ನಮ್ಮ ಕೊಟ್ಟಿಗೆಯಲ್ಲಿರುವ ಕಪ್ಪುಬಿಳುಪಿನ ಎರಡು ಹಸುಗಳನ್ನೂ ಊರಿನವರು ಸೀಮೆಹಸುಗಳೆಂದೇ ಕರೆಯುತ್ತಾರೆ. ಯಾವ ಸೀಮೆಯವೆಂದು ಕೇಳಿದವರಿಲ್ಲ. ವಿಮೆಯ ಕಾಗದದಲ್ಲಿ ‘ಎಚ್.ಎಫ್.’ ಎಂದು ಬರೆದಿರುತ್ತದೆ. ಎಚ್ ಎಂದರೆ ಜರ್ಮನಿಯ ಉತ್ತರದ ಹೋಲ್‌ಸ್ಟೀನ್, ಎಫ್ ಎಂದರೆ ಹಾಲೆಂಡಿನ ಉತ್ತರದ ಫ್ರೀಸ್‌ಲ್ಯಾಂಡ್ ಎಂದು ನನಗೆ ತಿಳಿದದ್ದು ಕಳೆದ ಬೇಸಿಗೆಯ ರಜೆಯಲ್ಲಿ. ಅದೂ ಪುಸ್ತಕದಿಂದಲ್ಲ, ಆ ಸೀಮೆಗೇ ಹೋಗಿ.

ಉಚಿತ ಬಸ್ಸಿನಲ್ಲಿ ದಿನವೂ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಹಾಲೆಂಡಿಗೆ ಹೋಗಿಬಂದಳೆಂದರೆ ವಾಚಕರಿಗೆ ಆಶ್ಚರ್ಯವಾಗುವುದು ಸಹಜ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅಣ್ಣ ಮೊದಲನೆಯವನು, ನಾನು ಎರಡನೆಯವಳು. ಅಣ್ಣ ಇಂಜಿನಿಯರಾಗಿ ಐದು ವರ್ಷದಿಂದ ಆ ದೇಶದ ಐಂಡ್‌ಹೋವನ್ ನಗರದಲ್ಲಿದ್ದಾನೆ. “ಒಂದು ಸಲವಾದರೂ ಆರಾಮಾಗಿ ಬಂದು ಮೂರು ವಾರ ಇದ್ದು ಹೋಗಿ” ಎಂದು ಮೂವರಿಗೂ ಟಿಕೆಟ್ಟು ಕಳಿಸಿದ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಹಸ ಯಾರು ನೋಡ್ಕತಾರೆ?”

ಅದು ನೆಪದ ಪ್ರಶ್ನೆಯಲ್ಲ. ನಾನು ಕಂಡಂತೆ ಅಪ್ಪ ಎರಡು ರಾತ್ರಿ ಒಟ್ಟಿಗೆ ಮನೆಯಿಂದ ಹೊರಗೆ ಮಲಗಿದವನಲ್ಲ. ನೆಂಟರ ಮದುವೆಗೆ ಹೋದರೆ ಧಾರೆ ಮುಗಿಸಿ, ಊಟದ ಕೈ ತೊಳೆದವನೇ ಸಂಜೆಯ ಹಾಲಿನ ಹೊತ್ತಿಗೆ ಊರು ಸೇರುತ್ತಿದ್ದ. ಕೊನೆಗೆ ಸೋದರತ್ತೆ ಬಂದು ಇರಲು ಒಪ್ಪಿದ ಮೇಲೆ, ಗೌರಿ ತುಂಗೆಯರ ಬೆನ್ನು ಸವರಿ, ಅಪ್ಪ ವಿಮಾನ ಹತ್ತಿದ.

ದೇಶದ ಸರಿಯಾದ ಹೆಸರು ನೆದರ್ಲೆಂಡ್ಸ್ ಎಂದು ನಾನು ಎಷ್ಟು ಹೇಳಿದರೂ ಅವ್ವನಿಗೆ ಹಾಲೆಂಡೇ ಹಿಡಿಸಿತು. “ಹೆಸರಲ್ಲೇ ಹಾಲೈತಲ್ಲ!” ಎಂದಳು. “ಅದರ ಹಿಂದ್ಲೇ ಎಂಡಾನೂ ಐತೆ, ಸುಮ್ಕಿರು” ಎಂದ ಅಪ್ಪ.

ನಾವಿಳಿದ ಸ್ಖಿಪೋಲ್ ವಿಮಾನ ನಿಲ್ದಾಣವು ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅದೊಂದು ದೊಡ್ಡ ಸರೋವರದ ತಳ. ಮೂರು ಉಗಿಯಂತ್ರಗಳನ್ನು ಹೂಡಿ, 1852ರ ಹೊತ್ತಿಗೆ ಅದರ ನೀರನ್ನೆಲ್ಲ ಎತ್ತಿ ಹೊರಹಾಕಿದರು. ಅಣ್ಣ ಇದನ್ನು ವಿವರಿಸಿದಾಗ, ಬರದ ಸೀಮೆಯಿಂದ ಬಂದ ಅಪ್ಪ ನಿಂತಲ್ಲೇ ನೆಲ ನೋಡಿದ. “ನಮ್ಮೂರ ಕೆರೆ ತಾನಾಗೇ ಒಣಗ್ತು. ಇವ್ರು ಬೇಕೂಂತ ಒಣಗಿಸವ್ರೆ!”

ಅಲ್ಲಿಯೇ ಅಣ್ಣ ನಮ್ಮ ಗಡಿಯಾರಗಳನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿದ. ಅಪ್ಪ ಮಾತ್ರ ಕೈ ಚಾಚಲಿಲ್ಲ. “ನಂದು ಊರಿನ ಟೈಮೇ ಇರ್ಲಿ” ಎಂದ. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಹಾಲು ಕರೆಯುತ್ತಾರೆ. ಆಗ ಅಲ್ಲಿ ರಾತ್ರಿ ಎರಡು ಗಂಟೆ. ಸಂಜೆ ಐದೂವರೆಗೆ ಮತ್ತೆ ಕರೆಯುತ್ತಾರೆ. ಆಗ ಅಲ್ಲಿ ಮಧ್ಯಾಹ್ನ ಎರಡು. ರಾತ್ರಿ ನನಗೆ ಎಚ್ಚರವಾದಾಗಲೆಲ್ಲ ಅಪ್ಪ ಕಿಟಕಿಯ ಬಳಿ ಕುಳಿತಿರುತ್ತಿದ್ದ. ಮಧ್ಯಾಹ್ನ ಎರಡಾಯಿತೆಂದರೆ, ನಾವು ಯಾವ ಅರಮನೆಯ ಮುಂದಿದ್ದರೂ ಸರಿ, ಫೋನು ಹೊರಬರುತ್ತಿತ್ತು: “ಅಕ್ಕಾ, ಎಷ್ಟು ಲೀಟ್ರು?”

ನನಗಾದರೋ ಇದರಿಂದ ಸಂಕೋಚ. ನಾನು ಇತಿಹಾಸದ ವಿದ್ಯಾರ್ಥಿನಿ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ನೋಟ್‌ಪುಸ್ತಕದ ಎರಡು ಪುಟ ತುಂಬ ಬರೆದುಕೊಂಡಿದ್ದೆ. ಪಟ್ಟಿಯ ಮೊದಲ ಹೆಸರಾದ ಟ್ಯೂಲಿಪ್ ಹೂದೋಟವು ಮೇ ಮಧ್ಯಕ್ಕೇ ಬಾಗಿಲು ಹಾಕಿತ್ತು. ನಾವು ತಡವಾಗಿ ಹೋಗಿದ್ದೆವು. ಎರಡನೆಯದು ಆಮ್‌ಸ್ಟರ್‌ಡಾಮಿನ ವ್ಯಾನ್ ಗೋ ಚಿತ್ರಶಾಲೆ. ಅಲ್ಲಿ 1885ರಲ್ಲಿ ಬರೆದ ‘ಆಲೂಗಡ್ಡೆ ತಿನ್ನುವವರು’ ಎಂಬ ಚಿತ್ರವಿದೆ. ಒಂದು ದೀಪದ ಕೆಳಗೆ ಐವರು ಬಡ ರೈತರು ಒಂದೇ ತಟ್ಟೆಗೆ ಕೈ ಚಾಚಿ ಕುಳಿತಿದ್ದಾರೆ. ಎಲ್ಲವೂ ಮಣ್ಣಿನ ಬಣ್ಣ. ಅದನ್ನು ಬರೆದ ನ್ಯೂನೆನ್ ಹಳ್ಳಿ ಅಣ್ಣನ ಮನೆಗೆ ಹತ್ತಿರವೇ ಇದೆ. ಸೂರ್ಯಕಾಂತಿಯ ಚಿತ್ರದ ಮುಂದೆ ಒಂದು ಕ್ಷಣವೂ ನಿಲ್ಲದ ಅವ್ವ ಇಲ್ಲಿ ನಿಂತುಬಿಟ್ಟಳು.

“ಗೇದು ಬಂದು ಈಗ ತಾನೆ ಕುಂತವ್ರೆ” ಎಂದಳು. “ಕೈ ನೋಡು.”

ಮಣ್ಣು ಅಗೆದ ಕೈಯೇ ತಟ್ಟೆಗೂ ಚಾಚಿದೆಯೆಂಬುದನ್ನು ತೋರಿಸುವುದೇ ತನ್ನ ಉದ್ದೇಶವೆಂದು ವ್ಯಾನ್ ಗೋ ತನ್ನ ತಮ್ಮನಿಗೆ ಕಾಗದ ಬರೆದಿದ್ದನೆಂದು ನಾನು ಆಮೇಲೆ ಓದಿದೆ. ಅವ್ವನಿಗೆ ಆ ಕಾಗದ ಬೇಕಾಗಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಎರಡು ಗಂಟೆಯಾಯಿತು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದ ಆ ಕೋಣೆಯಲ್ಲಿ ಅಪ್ಪನ ದನಿ ಮೊಳಗಿತು: “ಅಕ್ಕಾ, ಗೌರಿ ಹಿಂಡಿ ತಿಂತಾ? ಎಷ್ಟು ಲೀಟ್ರು?” ಹತ್ತು ತಲೆಗಳು ನಮ್ಮತ್ತ ತಿರುಗಿದವು. ಕಾವಲಿನವನು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ನಾನು ಅಪ್ಪನ ತೋಳು ಹಿಡಿದು, “ಇಲ್ಲಾದರೂ ಆ ಹಸುಗಳನ್ನ ಮರೀಬಾರ್ದಾ? ಮಾನ ಕಳೀತೀಯ” ಎಂದುಬಿಟ್ಟೆ.

ಅಪ್ಪ ಫೋನನ್ನು ಜೇಬಿಗಿಟ್ಟುಕೊಂಡ. ಏನೂ ಹೇಳಲಿಲ್ಲ. ಮರುದಿನದಿಂದ ಎರಡು ಗಂಟೆಗೆ ನಮ್ಮನ್ನು ಬಿಟ್ಟು ದೂರ ಹೋಗಿ, ಬೆನ್ನು ತಿರುಗಿಸಿ ನಿಂತು ಮಾತಾಡಿ ಬರುತ್ತಿದ್ದ. ಆ ಬೆನ್ನನ್ನು ನೋಡಿದಾಗಲೆಲ್ಲ ನನ್ನ ಮಾತು ನನಗೇ ಚುಚ್ಚುತ್ತಿತ್ತು. ಆದರೂ ಅದನ್ನು ಹಿಂದಕ್ಕೆ ಪಡೆಯುವ ಧೈರ್ಯ ನನಗಾಗಲಿಲ್ಲ.

ಅಪ್ಪನ ಮುಖ ಮತ್ತೆ ಅರಳಿದ್ದು ಕಿಂಡರ್‌ಡೈಕ್‌ನಲ್ಲಿ. ಅಲ್ಲಿ ಕಾಲುವೆಗಳ ಎರಡು ದಡದಲ್ಲಿ 19 ಗಾಳಿಗಿರಣಿಗಳಿವೆ. ಬಹುಪಾಲು 1740ರ ಆಸುಪಾಸಿನವು. ಹೆಸರು ಗಿರಣಿಯಾದರೂ ಅವು ಹಿಟ್ಟು ಬೀಸಿದವಲ್ಲ. ತಗ್ಗಿನ ಹೊಲಗಳ ನೀರನ್ನು ಗಾಳಿಯ ಬಲದಿಂದ ಎತ್ತಿ, ಎತ್ತರದ ಕಾಲುವೆಗೆ ಸುರಿಯುವುದೇ ಅವುಗಳ ಕೆಲಸವಾಗಿತ್ತು. ಚಿಕ್ಕಂದಿನಲ್ಲಿ ಕಪಿಲೆ ಹೊಡೆದಿದ್ದ ಅಪ್ಪ ಚಕ್ರದ ಸುತ್ತ ಎರಡು ಸಲ ಸುತ್ತಿದ. “ನಾವು ನೀರಿಲ್ಲ ಅಂತ ಎತ್ತಿದ್ವಿ, ಇವ್ರು ನೀರು ಹೆಚ್ಚಾಯ್ತು ಅಂತ ಎತ್ತವ್ರೆ. ಎತ್ತೋದು ಮಾತ್ರ ಯಾರಿಗೂ ತಪ್ಲಿಲ್ಲ” ಎಂದ.

ಈಗ ಆ ಕೆಲಸವನ್ನು ಪಂಪುಗಳು ಮಾಡುತ್ತವೆ. ಆ ದೇಶದ ಸುಮಾರು ಕಾಲು ಭಾಗ ಸಮುದ್ರಕ್ಕಿಂತ ತಗ್ಗಿನಲ್ಲಿದೆ. 1953ರ ಫೆಬ್ರವರಿ 1ರ ಬೆಳಗಿನ ಜಾವ ಬಿರುಗಾಳಿಗೆ ಏರಿಗಳು ಒಡೆದು ಕಡಲು ಒಳನುಗ್ಗಿದಾಗ ಅಲ್ಲಿ 1,836 ಜನ ಸತ್ತರು. ಆದುದರಿಂದ ಹಬ್ಬವಿರಲಿ, ಭಾನುವಾರವಿರಲಿ, ಯಾರೋ ಒಬ್ಬರು ನೀರಿನ ಮೇಲೆ ಕಣ್ಣಿಟ್ಟಿರಲೇಬೇಕು. ಇದನ್ನು ಕೇಳಿ ಅಪ್ಪ, “ಹಂಗಾದ್ರೆ ಈ ದೇಶಾನೂ ಹಸ ಕಟ್ಟಿದ ಮನೆ ಇದ್ದಂಗೇ” ಎಂದ. ಕಾಲುವೆಯ ದಡದಲ್ಲಿ ಕಾಲು ಚಾಚಿ ಬಿಸಿಲು ಕಾಯುತ್ತಿದ್ದ ಜನರನ್ನು ನೋಡಿ, ಎಂಥ ನೆಮ್ಮದಿಯ ದೇಶವೆಂದು ನಾನು ಕೊಂಡಾಡುತ್ತಿದ್ದೆ. ಆ ನೆಮ್ಮದಿಯ ಕೆಳಗೆ ಒಂದು ಪಂಪು ತಿರುಗುತ್ತಲೇ ಇದೆಯೆಂದು ನನಗೆ ಆಗಲೇ ಹೊಳೆದದ್ದು.

ಅಂದು ರಾತ್ರಿ ಊಟವಾದ ಮೇಲೆ ಅಣ್ಣ ಬಹುದಿನದ ಮಾತೊಂದನ್ನು ತೆಗೆದ. “ಅಪ್ಪ, ಇನ್ನು ಹಸು ಮಾರಿಬಿಡಿ. ತಿಂಗಳಿಗೆ ಎಷ್ಟು ಬೇಕೋ ನಾನು ಕಳಿಸ್ತೀನಿ. ಗೇದದ್ದು ಸಾಕು.” ಒಂಬತ್ತು ದಾಟಿದ್ದರೂ ಹೊರಗೆ ಇನ್ನೂ ಬೆಳಕಿತ್ತು. ಅಪ್ಪ ಆ ಬೆಳಕನ್ನೇ ನೋಡುತ್ತ ಕುಳಿತ. ಸ್ವಲ್ಪ ಹೊತ್ತಾದ ಮೇಲೆ, ಇಡೀ ಪ್ರವಾಸದಲ್ಲಿ ತನಗಾಗಿ ಕೇಳಿದ ಒಂದೇ ಒಂದನ್ನು ಕೇಳಿದ: “ನಮ್ಮ ಹಸಿನ ತೌರು ಇದೇ ದೇಶದಾಗೆ ಐತಂತಲ್ಲ. ನೋಡ್ಬೋದಾ?”

ನನ್ನ ಎರಡು ಪುಟದ ಪಟ್ಟಿಯಲ್ಲಿ ಫ್ರೀಸ್‌ಲ್ಯಾಂಡ್ ಇರಲಿಲ್ಲ.

ಶನಿವಾರ ಕೋಳಿ ಕೂಗುವ ಹೊತ್ತಿಗೆ ಅಣ್ಣನ ಕಾರಿನಲ್ಲಿ ಹೊರಟೆವು. ತೌರುಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅವ್ವ ಊರಿಂದ ತಂದಿದ್ದ ಬೆಲ್ಲದಚ್ಚು, ಅರಿಶಿನ ಕುಂಕುಮಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಹಾದಿಯಲ್ಲಿ 32 ಕಿಲೋಮೀಟರ್ ಉದ್ದದ ಒಂದು ಏರಿಯ ಮೇಲೆ ಸಾಗಬೇಕು. 1932ರಲ್ಲಿ ಅದನ್ನು ಕಟ್ಟಿ ಮುಗಿಸಿ ಕಡಲಿನ ಒಂದು ಕೊಲ್ಲಿಯನ್ನೇ ಮುಚ್ಚಿದರು. ಉಪ್ಪುನೀರಿನ ಕೊಲ್ಲಿ ಕ್ರಮೇಣ ಸಿಹಿನೀರಿನ ಸರೋವರವಾಯಿತು. ಏರಿ ದಾಟಿದರೆ ಫ್ರೀಸ್‌ಲ್ಯಾಂಡ್. ಕಣ್ಣು ಹರಿಯುವವರೆಗೆ ಹುಲ್ಲು. ಹುಲ್ಲಿನ ಮೇಲೆ ನೂರಾರು ಗೌರಿಯರು, ತುಂಗೆಯರು! “ಅಯ್ಯೋ ಶಿವನೆ!” ಎಂದು ಅವ್ವ ಕೆನ್ನೆಗೆ ಕೈ ಹಚ್ಚಿಕೊಂಡಳು.

ಅಣ್ಣನ ಸಹೋದ್ಯೋಗಿಯ ಪರಿಚಯದ ರೈತರೊಬ್ಬರ ಮನೆಗೆ ಹೋದೆವು. ಅಪ್ಪನ ವಯಸ್ಸಿನವರು, ಕೈಯೂ ಅಪ್ಪನ ಕೈಯಂತೆಯೇ ಒರಟು. ಅವರ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು ಯಂತ್ರಮಾನವ. 1992ರಲ್ಲಿ ಆ ದೇಶದಲ್ಲಿಯೇ ಬಳಕೆಗೆ ಬಂದದ್ದಂತೆ. ಹಸು ಹಿಂಡಿಯ ಆಸೆಗೆ ತಾನಾಗಿಯೇ ಬಂದು ನಿಲ್ಲುತ್ತದೆ. ಯಂತ್ರದ ತೋಳು ಬೆಳಕಿನ ಕಿರಣದಿಂದ ಮೊಲೆತೊಟ್ಟುಗಳನ್ನು ಹುಡುಕಿ, ಒರೆಸಿ, ಬಟ್ಟಲು ತೊಡಿಸುತ್ತದೆ. ಅಪ್ಪ ಬಹಳ ಹೊತ್ತು ಬೆರಗಾಗಿ ನೋಡಿದ. ಆಮೇಲೆ ಒಂದು ಹಸುವಿನ ಗಂಗೆದೊಗಲು ಸವರಿ, ಕೆಚ್ಚಲಿನತ್ತ ಕೈ ತೋರಿಸಿ, ಬೆರಳು ಮಡಿಸಿ ಕೇಳಿದ. ಆ ರೈತರು ಹತ್ತು ಬೆರಳನ್ನು ಮೂರು ಸಲ ಬಿಚ್ಚಿದರು. ಅಪ್ಪ ಒಂದು ಸಲ ಬಿಚ್ಚಿ ತೋರಿಸಿದ. ಇಬ್ಬರೂ ನಕ್ಕರು. ದುಭಾಷಿಯಾಗಬೇಕೆಂದು ಸಿದ್ಧಳಾಗಿ ನಿಂತಿದ್ದ ನನ್ನನ್ನು ಇಬ್ಬರೂ ಕೇಳಲಿಲ್ಲ.

ಆಮೇಲೆ ಅಣ್ಣನ ಮೂಲಕ ಮಾತು ಬೆಳೆಯಿತು. “ಈಗ ನಿಮ್ಮ ಹಸುಗಳನ್ನು ಯಾರು ಕರೆಯುತ್ತಿದ್ದಾರೆ?” ಎಂದರು ಅವರು. ನಮ್ಮನ್ನು ಅಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅಕ್ಕ ಎಂದ ಅಪ್ಪ. ತಾವೂ ಹೆಂಡತಿಯೂ ಎಂಟು ವರ್ಷದಿಂದ ಎರಡು ರಾತ್ರಿಗಿಂತ ಹೆಚ್ಚು ಮನೆ ಬಿಟ್ಟಿಲ್ಲವೆಂದರು ಅವರು. ಯಂತ್ರ ಕೆಟ್ಟರೆ ನಡುರಾತ್ರಿಯಲ್ಲಿಯೂ ಫೋನು ಕೂಗುತ್ತದಂತೆ. ಮಗ ನಗರ ಸೇರಿದ್ದಾನೆ. ಮೇಲಾಗಿ, ದನದ ಗಂಜಲ ಗೊಬ್ಬರದಿಂದ ಏಳುವ ಅಮೋನಿಯಾ ಕಾಡು ಜವುಗುಗಳನ್ನು ಕೆಡಿಸುತ್ತಿದೆಯೆಂಬ ವಿವಾದ ಅಲ್ಲಿ ದೊಡ್ಡದು. 2019ರ ಮೇ ತಿಂಗಳಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯವು ಸರ್ಕಾರದ ಸಾರಜನಕ ನೀತಿಯನ್ನು ತಳ್ಳಿಹಾಕಿತು. ದನಗಳನ್ನು ಕಡಿಮೆ ಮಾಡಬೇಕೆಂಬ ಮಾತೆದ್ದಾಗ, ಆ ಅಕ್ಟೋಬರಿನಲ್ಲಿ ರೈತರು ಟ್ರ್ಯಾಕ್ಟರುಗಳನ್ನೇರಿ ಹೇಗ್ ನಗರಕ್ಕೆ ಹೋದರು. ಕೊಟ್ಟಿಗೆ ಮುಚ್ಚುವವರಿಗೆ ಸರ್ಕಾರವೇ ಹಣ ಕೊಡುವ ಯೋಜನೆಗಳೂ ಬಂದವು. “ಹಣ ತೆಗೆದುಕೊಳ್ಳಬಹುದು. ಬೆಳಿಗ್ಗೆ ಎದ್ದು ಏನು ಮಾಡಲಿ?” ಎಂದರು ಅವರು. ಅಣ್ಣ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವಾಗ ಅವನ ದನಿ ಸಣ್ಣದಾಯಿತು. ಅಪ್ಪ ಅಣ್ಣನ ಮುಖವನ್ನು ನೋಡಲಿಲ್ಲ, ಅಗತ್ಯವಿರಲಿಲ್ಲ.

ಅವ್ವ ಆ ಮನೆಯಾಕೆಗೆ ಕುಂಕುಮವಿಟ್ಟು ಬೆಲ್ಲ ಕೊಟ್ಟಳು. ಆಕೆ ಒಂದು ಗುಂಡು ಗಿಣ್ಣು ಕೊಟ್ಟು ಕಳಿಸಿದರು.

ಅಲ್ಲಿಂದ ಆ ಪ್ರಾಂತದ ರಾಜಧಾನಿಗೆ ಬಂದೆವು. ಅದಕ್ಕೆ ಡಚ್ಚಿನಲ್ಲಿ ಲೇವಾರ್ಡನ್ ಎಂದೂ, ಅಲ್ಲಿಯ ಜನರ ಫ್ರೀಸಿಯನ್ ಭಾಷೆಯಲ್ಲಿ ಲ್ಯೌವರ್ಟ್ ಎಂದೂ ಹೆಸರು. ಅಲ್ಲಿ ಎತ್ತರದ ಪೀಠದ ಮೇಲೆ ಕಂಚಿನ ದೊಡ್ಡ ಹಸುವೊಂದು ನಿಂತಿದೆ. ಫ್ರೀಸಿಯನ್ ತಳಿಯ ವಂಶಾವಳಿಯ ಪುಸ್ತಕ ತೆರೆದು 75 ವರ್ಷ ತುಂಬಿದ ನೆನಪಿಗೆ 1954ರಲ್ಲಿ ನಿಲ್ಲಿಸಿದ್ದು. ದೊರೆಗಳ, ದಂಡನಾಯಕರ ಪ್ರತಿಮೆಗಳನ್ನು ಎಷ್ಟೋ ಕಂಡಿದ್ದೆ. ಹಾಲು ಕೊಟ್ಟದ್ದಕ್ಕಾಗಿ ಪೀಠವೇರಿದ ಹಸುವನ್ನು ಕಂಡದ್ದು ಇದೇ ಮೊದಲು.

“ಹೆಸ್ರೇನು?” ಎಂದಳು ಅವ್ವ.

“‘ಉಸ್ ಮೆಮ್’ ಅಂತ, ಇಲ್ಲಿನ ಭಾಷೇಲಿ” ಎಂದ ಅಣ್ಣ. “ಅಂದರೆ ‘ನಮ್ಮವ್ವ’.”

ಅವ್ವ ಚಪ್ಪಲಿ ಬಿಟ್ಟಳು. ಪೀಠ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು, ನಿಜ ಹೇಳುತ್ತೇನೆ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ನೋಡಿದ್ದರೆ ತಾನೆ ಏನು? ಅಣ್ಣನ ಹಾಸ್ಟೆಲಿನ ದುಡ್ಡು, ನನ್ನ ಪರೀಕ್ಷೆಯ ಶುಲ್ಕ, ನಾನು ಪಟ್ಟಿ ಬರೆದುಕೊಂಡ ಆ ನೋಟ್‌ಪುಸ್ತಕ, ಎಲ್ಲವೂ ಬಂದದ್ದು ಹಾಲಿನ ಬಟವಾಡೆಯಿಂದ. ಈ ತಾಯಿಯ ಮಕ್ಕಳು ಮರಿಮಕ್ಕಳಲ್ಲಿ ಯಾವುದೋ ಒಂದು ಕವಲು ನಮ್ಮ ಕೊಟ್ಟಿಗೆಗೆ ಬಂದು ನಿಂತದ್ದರಿಂದ ನಾನು ಈ ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದೇನೆ. ಮಾನ ಕಳೆದವನು ಅಪ್ಪನಲ್ಲ.

ಎರಡು ಗಂಟೆಯಾಯಿತು. ಅಪ್ಪ ಫೋನು ತೆಗೆದು ದೂರ ಹೊರಟ. ನಾನು ಹಿಂದೆಯೇ ಹೋಗಿ ಫೋನನ್ನು ಅವನ ಕೈಯಿಂದ ತೆಗೆದುಕೊಂಡೆ. ಅವ್ವನೂ ಅಣ್ಣನೂ ಕೇಳುವಂತೆ, ಬೀದಿಯೇ ಕೇಳುವಂತೆ ಗಟ್ಟಿಯಾಗಿ, “ಅತ್ತೇ, ಎಷ್ಟು ಲೀಟರ್?” ಎಂದೆ.

“ಒಂಬತ್ತೂವರೆ ಕಣವ್ವ” ಎಂದಳು ಅತ್ತೆ. ಅಪ್ಪನ ಮುಖದಲ್ಲಿ ಆಗ ಕಂಡದ್ದು ಯಾವ ಚಿತ್ರಶಾಲೆಯಲ್ಲಿಯೂ ನನಗೆ ಕಂಡಿರಲಿಲ್ಲ.

ಹಸುಗಳನ್ನು ಮಾರಲಿಲ್ಲ. ಅಣ್ಣನೂ ಆ ಮಾತು ಮತ್ತೆ ಎತ್ತಲಿಲ್ಲ. ಊರಿಗೆ ಬಂದ ಮೇಲೆ ನಾನು ಅತ್ತೆಯಿಂದ ಹಾಲು ಕರೆಯುವುದನ್ನು ಕಲಿತೆ. ಮೊದಲ ವಾರ ತುಂಗೆ ಎರಡು ಸಲ ಒದ್ದಳು. ಮೂರು ವಾರ ನಾವು ಕಾಲು ಚಾಚಿ ಊರು ಸುತ್ತಿದೆವಲ್ಲ, ಅಷ್ಟೂ ದಿನ ಅತ್ತೆ ಇಲ್ಲಿ ಬೆನ್ನು ಬಗ್ಗಿಸಿದ್ದಳೆಂಬುದು ಪುಸ್ತಕ ಹಿಡಿದ ನನ್ನ ಬೆರಳುಗಳು ನೋಯತೊಡಗಿದಾಗ ಚೆನ್ನಾಗಿ ಅರ್ಥವಾಯಿತು.

ಕಳೆದ ದಸರೆಯ ರಜೆಯಲ್ಲಿ ಅಪ್ಪ ಅವ್ವ ಇಬ್ಬರೇ ಧರ್ಮಸ್ಥಳಕ್ಕೆ ಹೋದರು. ಮೂರು ರಾತ್ರಿ ನಿಂತು ಬರುವುದೆಂದು. ಮೊದಲ ದಿನ ಸಂಜೆ ನಾನು ಕೊಟ್ಟಿಗೆಯಲ್ಲಿ ಗೌರಿಯ ಕೆಚ್ಚಲು ತೊಳೆದು, ಕರೆದು, ತಂಬಿಗೆಯ ನೊರೆ ಇಳಿಯಲೆಂದು ಕಾಯುತ್ತಿದ್ದೆ. ಫೋನು ಕೂಗಿತು. ಗಡಿಯಾರ ನೋಡಬೇಕಾಗಿರಲಿಲ್ಲ.

“ಎಷ್ಟು ಲೀಟ್ರು, ಮಗಾ?”