ಪಡಸಾಲೆಯ ಮಷೀನು

ನಮ್ಮ ಕಡೆ ಹೆಣ್ಣುಮಗಳ ಬಾಳಿನ ಯಾವ ಕಾರ್ಯವೂ ಕುಬಸ, ಅಂದರೆ ರವಿಕೆ, ಇಲ್ಲದೆ ಮುಗಿಯುವುದಿಲ್ಲ. ಮದುವೆಯಲ್ಲಿ ಬೀಗಿತ್ತಿಯರಿಗೆ ಕುಬಸ ಹೊಲಿಸುವ ಬಟ್ಟೆಯಾದ ಕಣ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಾಣಂತಿಗೆ ಕಣ, ಪಂಚಮಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಯ ಜೊತೆಗೆ ಮತ್ತೊಂದು ಕಣ. ಬಸುರಿಗೆ ಮಾಡುವ ಸೀಮಂತವನ್ನು ನಾವು ಕರೆಯುವುದೇ ‘ಕುಬಸ’ ಅಂತ. ಅವತ್ತು ಹಸಿರು ಸೀರೆ, ಹಸಿರು ಬಳೆ, ಹಸಿರು ಕುಬಸ. ಕಣ ಗುಳೇದಗುಡ್ಡದ್ದಾದರೆ ಮನೆಯ ಹಿರಿಯರಿಗೆ ಇನ್ನಷ್ಟು ಸಮಾಧಾನ. ಹೀಗೆ ಬಂದ ಕಣಗಳೆಲ್ಲ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಕೂತಿರುತ್ತವೆ. ಯಾರಾದರೂ ಅವನ್ನು ಕತ್ತರಿಸಿ, ಮೈಗೆ ಕೂಡುವಂತೆ ಹೊಲಿದು ಕೊಡಬೇಕು. ನಮ್ಮೂರು ಹಿರೇವಡ್ಡಟ್ಟಿಯಲ್ಲಿ, ನಮ್ಮ ಓಣಿಯ ಮಟ್ಟಿಗೆ, ಆ ಕೆಲಸ ನನ್ನದಾಗಿತ್ತು. ಈಗ ಅದನ್ನು ನಿಲ್ಲಿಸಿದ್ದೇನೆ.

ನಿಲ್ಲಿಸಿದ ಸುದ್ದಿ ತಿಳಿದವರು ಮೊದಲು ಕೇಳಿದ್ದು ಆರೋಗ್ಯದ ಬಗ್ಗೆ. ಬೆನ್ನುನೋವೇ? ಕಣ್ಣು ಮಂಜಾದವೇ? ಆಮೇಲೆ, ದನಿ ತಗ್ಗಿಸಿ, ಮನೆಯಲ್ಲಿ ಯಾರಾದರೂ ಬೇಡ ಅಂದರೇ ಅಂತ. ಯಾವುದೂ ಅಲ್ಲ, ಮಕ್ಕಳಿಗೆ, ಅತ್ತೆಗೆ, ಮನೆಗೆ ಹೊತ್ತು ಕೊಡಬೇಕಾಗಿದೆ ಎಂದೆ. ಪಕ್ಕದ ಮನೆಯ ಚಿಗವ್ವ ಸೆರಗು ಹೊತ್ತುಕೊಂಡು ನಿಂತಲ್ಲೇ ಅಂದಳು: “ಅಲ್ಲಬೇ, ಇಷ್ಟ ದಿನ ನೀ ಮನ್ಯಾಗ ಇದ್ದೀಯಲ್ಲ? ಮನ್ಯಾಗ ಕುಂತು ಹೊಲಿಯಾಕಿಗೆ ಮನಿಗೆ ಹೊತ್ತು ಸಿಗಂಗಿಲ್ಲಂದ್ರ ಹೆಂಗ?”

ಚಿಗವ್ವನ ಮಾತಿನಲ್ಲಿ ಕೊಂಕಿರಲಿಲ್ಲ. ಊರೇ ಹಾಗೆ ತಿಳಿದಿದೆ. ಹೆಣ್ಣುಮಗಳಿಗೆ ಹೊಲಿಗೆಗಿಂತ ಒಳ್ಳೆಯ ಉದ್ಯೋಗವಿಲ್ಲ, ಮನೆ ಬಿಟ್ಟು ಹೋಗಬೇಕಾಗಿಲ್ಲ, ಮಕ್ಕಳನ್ನು ನೋಡಿಕೊಂಡು ಬಿಡುವಿದ್ದಾಗ ನಾಲ್ಕು ಕುಬಸ ಹೊಲಿದರೆ ಕೈಖರ್ಚಿಗಾಯಿತು ಎನ್ನುವ ಮಾತನ್ನು ನಾನು ಮದುವೆಗೆ ಮೊದಲಿನಿಂದ ಕೇಳುತ್ತ ಬಂದಿದ್ದೇನೆ. ಆ ‘ಬಿಡುವು’ ಎಲ್ಲಿದೆ ಅಂತ ಮಾತ್ರ ಯಾರೂ ತೋರಿಸಿಕೊಟ್ಟಿಲ್ಲ.

ಮನೆಯೊಳಗಿನ ಅಂಗಡಿಗೆ ಶಟರ್ ಇರುವುದಿಲ್ಲ. ಮುಂಡರಗಿಯ ಪೇಟೆಯಲ್ಲಿರುವ ಟೇಲರ್ ರಾತ್ರಿ ಬಾಗಿಲೆಳೆದು ಬೀಗ ಹಾಕಿದರೆ ಮುಗಿಯಿತು, ಗಿರಾಕಿ ನಾಳೆ ಬರುತ್ತಾನೆ. ನನ್ನ ಮಷೀನು ಇದ್ದದ್ದು ಪಡಸಾಲೆಯಲ್ಲಿ. ರೊಟ್ಟಿ ಬಡಿಯುವಾಗ ಒಬ್ಬಳು ಅಳತಿ ಕುಬಸ ಹಿಡಿದು ಬರುತ್ತಾಳೆ. ಉಣ್ಣಲು ಕೂತಾಗ ಇನ್ನೊಬ್ಬಳು: “ಯಕ್ಕಾ, ನಾಳೆ ಮುಂಜೇಲೆ ಬಸ್ಸಿಗೆ ಹೊಂಟೇನಿ, ಫಾಲ್ ಒಂದು ಹಚ್ಚಿಕೊಡವ್ವ.” ಬಂದವರು ಗಿರಾಕಿಯೂ ಹೌದು, ಸಂಬಂಧಿಕರೂ ಹೌದು. ಅವರಿಗೆ ಚಹಾ ಕೊಡಬೇಕು, ನಾಲ್ಕು ಮಾತಾಡಬೇಕು, ಕೂಲಿ ಕೇಳುವಾಗ ಮುಖ ನೋಡಬೇಕು. ನಮ್ಮದು ಉಳ್ಳಾಗಡ್ಡಿಯ ಸೀಮೆ. “ಉಳ್ಳಾಗಡ್ಡಿ ರೊಕ್ಕ ಬರ್ಲಿ, ಒಮ್ಮೆಲೆ ಕೊಡ್ತೇನಿ” ಅಂದವರಿಗೆ ಇಲ್ಲವೆನ್ನಲಾಗದು. ಉಳ್ಳಾಗಡ್ಡಿಗೆ ರೇಟು ಬಿದ್ದ ವರ್ಷ ಅವರ ಮುಖ ನೋಡಿ ನಾನೇ ಕೇಳಲಿಲ್ಲ.

ಹಬ್ಬ ಬಂತೆಂದರೆ ಹೊಲಿಯುವವಳ ಮನೆಗೆ ಹಬ್ಬ ಕೊನೆಗೆ ಬರುತ್ತದೆ. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಕಟ್ಟಿ ಜೀಕುವಾಗ, ಅವರು ಜೀಕಲು ಉಟ್ಟ ಸೀರೆಯ ಜಂಪರಿಗೆ ನಾನಿನ್ನೂ ಹುಕ್ ಹಚ್ಚುತ್ತಿರುತ್ತಿದ್ದೆ. ನಮ್ಮನೆಯ ಉಂಡಿ ಕಟ್ಟುವುದು ಚೌತಿಯ ರಾತ್ರಿ, ಅದೂ ಅತ್ತೆಯ ಕೈಯಿಂದಲೇ. ದಸರಾ, ದೀಪಾವಳಿ, ಆಮೇಲೆ ಲಗ್ನದ ಸುಗ್ಗಿ, ಎಲ್ಲವೂ ಹೀಗೇ.

ಹಾಗಂತ ಹೊಲಿಗೆ ನನಗೆ ಬೇಸರದ ಕೆಲಸವಾಗಿರಲಿಲ್ಲ. ಇವತ್ತಿಗೂ ಅದರಷ್ಟು ಮನಸ್ಸು ಹಿಡಿಯುವ ಕೆಲಸ ನನಗೆ ಇನ್ನೊಂದಿಲ್ಲ. ಒಂದು ಕಣವನ್ನು ನೆಲದ ಮೇಲೆ ಹಾಸಿ, ಅಂಚಿಗೆ ಅಂಚು ಕೂಡಿಸಿ, ಅದರ ಮೇಲೆ ಅಳತಿ ಕುಬಸವನ್ನು ಮಡಿಸಿ ಇಟ್ಟು ಸುಣ್ಣದ ಗೆರೆ ಎಳೆಯುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಭುಜ, ಕೊರಳು, ಕಂಕುಳ ಸುತ್ತು, ಎದೆ, ನಡ. ಕಂಕುಳ ಸುತ್ತಿನಲ್ಲಿ ಗೆರೆ ಒಂದಿಷ್ಟು ಆಚೆ ಸರಿದರೆ ಕೈ ಎತ್ತಿದಾಗ ಕುಬಸ ಮೇಲೇರುತ್ತದೆ, ಈಚೆ ಸರಿದರೆ ಕಂಕುಳಲ್ಲಿ ಕಚ್ಚುತ್ತದೆ. ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವಳಿಗೆ ಬೆನ್ನಿನಲ್ಲಿ ಸ್ವಲ್ಪ ಸಡಿಲ ಬಿಡಬೇಕು, ಕೂಸಿಗೆ ಹಾಲೂಡುವವಳಿಗೆ ಹುಕ್ಕು ಮುಂದೆ, ಸುಲಭಕ್ಕೆ ಬಿಚ್ಚುವಂತೆ ಇರಬೇಕು. ಇದು ಟೇಪಿನಲ್ಲಿ ಸಿಗುವ ಅಳತೆಯಲ್ಲ, ಅವಳ ದಿನ ಹೇಗೆ ಸಾಗುತ್ತದೆ ಎಂದು ಗೊತ್ತಿದ್ದವರಿಗೆ ಸಿಗುವ ಅಳತೆ. ಊರ ಹೆಂಗಸರು ಪೇಟೆಯ ಟೇಲರನ್ನು ಬಿಟ್ಟು ನಮ್ಮಂಥವರ ಮನೆಗೆ ಬರುವುದು ಅದಕ್ಕೇ.

ಆ ಮಷೀನಿನ ಮೇಲೂ ನನಗೆ ಅಷ್ಟೇ ಪ್ರೀತಿ. 1930ರ ದಶಕದಲ್ಲಿ ಕಲಕತ್ತೆಯಲ್ಲಿ ತಯಾರಾಗಲು ಶುರುವಾದ ಉಷಾ, ನಮ್ಮ ದೇಶದಲ್ಲೇ ಆದ ಮಷೀನು. ಕರೆಂಟು ಹೋದರೂ ಕಾಲಲ್ಲಿ ತುಳಿದರೆ ನಡೆಯುತ್ತದೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿ ತಂತಿ ಹರಿದ ರಾತ್ರಿಗಳಲ್ಲೂ ಕಂದೀಲ ಹಚ್ಚಿಟ್ಟು ಹೊಲಿದದ್ದಿದೆ. ಎಣ್ಣೆ ಬಿಡುವ ದಿನ ಒಂದೊಂದೇ ತೂತಿಗೆ ಹನಿ ಬಿಟ್ಟು, ಶಟಲಿನ ಕೆಳಗೆ ಕೂತ ನೂಲಿನ ಧೂಳನ್ನು ಕುಂಚದಲ್ಲಿ ತೆಗೆದು, ಚಿಂದಿಯೊಂದನ್ನು ಹಾಕಿ ಜಿಡ್ಡು ಹೋಗುವವರೆಗೆ ತುಳಿಯಬೇಕು. ಜಿಡ್ಡು ಉಳಿದರೆ ಮರುದಿನದ ಬಿಳಿ ಅಸ್ತರ ಕೆಟ್ಟಿತೆಂದೇ ಲೆಕ್ಕ.

ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿ ಹೊಲಿಗೆ ಮಷೀನಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ರಾಮಚಂದ್ರನ್ ಎಂಬ ತರುಣ ವಿದ್ಯಾರ್ಥಿಯೊಡನೆ ಆಡಿದ ಮಾತಿನಲ್ಲಿ ಅವರು ಸಿಂಗರ್ ಮಷೀನನ್ನು ಹೆಸರಿಸಿ ಹೊಗಳಿದ್ದಾರೆ. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಗಂಡ ಮಾಡಿದ ಯಂತ್ರ ಅದು ಎಂಬುದು ಅವರ ನಂಬಿಕೆ. ಹೆಂಡತಿಯ ದಣಿವಿನ ಕಥೆಯನ್ನು ಸಿಂಗರನಿಗಿಂತ ಮೊದಲು, 1846ರಲ್ಲಿ, ಪೇಟೆಂಟ್ ಪಡೆದ ಎಲಿಯಾಸ್ ಹೌ ಎಂಬಾತನ ಬಗ್ಗೆಯೂ ಹೇಳುತ್ತಾರೆ. ಕಥೆ ಯಾರದೇ ಆಗಲಿ, ಹೆಂಗಸಿನ ದಣಿವು ಉಳಿಸಬೇಕೆಂಬ ಆಸೆ ದೊಡ್ಡದು. ಕೈಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ಹೊಲಿಗೆ ಮಷೀನಿನಲ್ಲಿ ಒಂದೆರಡು ತಾಸಿಗೆ ಮುಗಿಯುತ್ತದೆ ನಿಜ. ಆದರೆ ಉಳಿದ ತಾಸುಗಳು ಅವಳಿಗೆ ಸಿಕ್ಕವೇ? ಇಲ್ಲ. ಮುಂದಿನ ಕುಬಸ ಆ ಜಾಗಕ್ಕೆ ಬಂದು ಕೂತಿತು.

ಹೆಂಗಸರ ಹೊತ್ತಿಗೆ ಈಗ ಸರ್ಕಾರದ ಲೆಕ್ಕವೂ ಇದೆ. 2019ರಲ್ಲಿ, ಆಮೇಲೆ 2024ರಲ್ಲಿ, ದೇಶದಾದ್ಯಂತ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿದರು. ಕೂಲಿಯಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ಕ್ಕೆ ಹೆಂಗಸರದ್ದು 289ಕ್ಕೆ ಇಳಿಯಿತು, ಗಂಡಸರದ್ದೂ 88ಕ್ಕೆ ಇಳಿಯಿತು. ಐದು ವರ್ಷ ಕಳೆದರೂ ನಡುವಿನ ಅಂತರ ಇದ್ದಲ್ಲೇ ಇದೆ. ಮನೆಯಲ್ಲಿ ಹೊಲಿಯುವವಳು ಆ ಐದು ತಾಸಿನ ಮೇಲೆ ತನ್ನ ಕಸುಬನ್ನೂ ಹೇರಿಕೊಳ್ಳುತ್ತಾಳೆ. ನಮಗೆ ಮಷೀನು ಕೊಡುವವರಿಗೆ ಕೊರತೆಯಿಲ್ಲ. 2023ರಲ್ಲಿ ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದೆ. ಸಲಕರಣೆಗೆ 15 ಸಾವಿರ ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಗೆ ಸಾಲ. ಒಳ್ಳೆಯದೇ. ಆದರೆ ಅವಳು ಮಷೀನಿನ ಮುಂದೆ ಕೂತ ಹೊತ್ತಿನಲ್ಲಿ ಕೂಸನ್ನು ಯಾರು ಎತ್ತಿಕೊಳ್ಳಬೇಕು? 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಕಟ್ಟಿದ ‘ಸೇವಾ’ ಸಂಘಕ್ಕೆ ಇದು ಅರ್ಥವಾಗಿತ್ತು. ಬಟ್ಟೆ ಹೊಲಿಯುವ, ಬೀಡಿ ಕಟ್ಟುವ ಹೆಂಗಸರಿಗೆ ಸಾಲದ ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳನ್ನೂ ಅವರು ನಡೆಸಿದರು. ನಮ್ಮ ಗ್ರಾಮ ಪಂಚಾಯಿತಿಗಳಲ್ಲೂ ನರೇಗಾ ಕೂಲಿಯವರ ಮಕ್ಕಳಿಗೆಂದು ‘ಕೂಸಿನ ಮನೆ’ಗಳು ಬಂದಿವೆ. ಪಡಸಾಲೆಯಲ್ಲಿ ಕೂತು ದುಡಿಯುವವಳ ಕೂಸಿಗೂ ಅಲ್ಲಿ ಜಾಗ ಸಿಗಬೇಕು.

ನನ್ನ ಮಕ್ಕಳು ಎತ್ತಿಕೊಳ್ಳುವ ವಯಸ್ಸು ದಾಟಿದ್ದಾರೆ. ಮಗಳು ಈಗ ಹೈಸ್ಕೂಲಿಗೆ ಹತ್ತಿರವಾಗಿದ್ದಾಳೆ. ಸಾಲೆಯಿಂದ ಬಂದವಳು ಮಷೀನಿನ ಹಿಂದೆ ನಿಂತು ಅವತ್ತಿನದೆಲ್ಲ ಹೇಳುವುದು ರೂಢಿಯಾಗಿತ್ತು. ಕೆಲವು ಮಾತುಗಳನ್ನು ಹೆಣ್ಣುಮಗು ಅವ್ವನ ಬೆನ್ನಿಗೆ ಹೇಳಲಾರದು, ಕಣ್ಣು ನೋಡಿ ಹೇಳಬೇಕು. ಆ ವಯಸ್ಸು ಅವಳಿಗೆ ಬಂದಿದೆ. ಅತ್ತೆಗೆ ಮಂಡಿ ಸೋತಿವೆ. ಅವರಿಗೆ ಬೇಕಾದದ್ದು ಗುಳಿಗೆಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತು ಕೇಳುವ ಒಂದು ಜೀವ. ಮಷೀನಿನ ಸಪ್ಪಳದಲ್ಲಿ ಅವರ ದನಿ ಕೇಳುತ್ತಿರಲಿಲ್ಲ. ಇವೆರಡೂ ಕಾಯುವ ಕೆಲಸಗಳಲ್ಲ. ಕುಬಸವನ್ನು ಇನ್ನೊಬ್ಬರು ಹೊಲಿದಾರು, ಇವರಿಬ್ಬರ ಮಾತನ್ನು ನಾನೇ ಕೇಳಬೇಕು.

ಆಗ ನನಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ನಮ್ಮ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ, ನೂಲುವ ಕದಿರ ರೆಮ್ಮವ್ವೆ ಇದ್ದಾಳೆ. ದುಡಿಮೆಯನ್ನು ದೇವರ ಸಮಕ್ಕೆ ತಂದವರು ಅವರು. ಆದರೆ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಕಾಯಕಕ್ಕೂ ಒಂದು ಅಳತೆ ಉಂಟು, ಆ ಅಳತೆಯನ್ನು ಹೇಳುವ ಹಕ್ಕು ಮನೆಯ ಹೆಣ್ಣುಮಗಳಿಗೂ ಉಂಟು ಎಂದು ಎಂಟುನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟ ತಾಯಿ. ಸಾಕು ಅನ್ನುವುದು ಸೋಲೆಂದು ನನಗೆ ಅನ್ನಿಸದಿದ್ದರೆ ಅದು ಅವಳಿಂದ.

ಹೊಲಿಗೆಯನ್ನು ಒಂದೇ ದಿನಕ್ಕೆ ನಿಲ್ಲಿಸಲಾಗುವುದಿಲ್ಲ. ಲಗ್ನದ ಕೆಲಸ ಮುಗಿಯುವವರೆಗೆ ಹೊಸದು ಹಿಡಿಯಲಿಲ್ಲ, ಹಿಡಿದದ್ದನ್ನು ಬಿಡಲಿಲ್ಲ. ಕತ್ತರಿ ತಾಗದ ಕಣಗಳನ್ನು ಅವರವರ ಮನೆಗೆ ಒಯ್ದು ಕೊಟ್ಟೆ. ಅಳತೆ ಬರೆದಿಟ್ಟ ನೋಟ್‌ಬುಕ್ಕು, ಪಿಕೋ ಮಷೀನು, ಬಣ್ಣಬಣ್ಣದ ನೂಲಿನ ಉಂಡೆಗಳ ಡಬ್ಬಿ, ಮೂರನ್ನೂ ನನ್ನಲ್ಲೇ ಕಲಿತ ಹಿಂದಿನ ಓಣಿಯ ಹುಡುಗಿಗೆ ಕೊಟ್ಟೆ. ಮಷೀನಿನ ದುಡ್ಡನ್ನು ಅವಳು ದುಡಿದಂತೆ ಕೊಡುತ್ತಾಳೆ. “ಮೊದಲ ಬಾಗಲದಾಗ ಬೋರ್ಡ್ ಹಾಕು, ಇಷ್ಟ ಗಂಟೆಯಿಂದ ಇಷ್ಟ ಗಂಟೆ ಅಂತ ಬರಿ” ಎಂದು ಹೇಳಿದ್ದೇನೆ. ಹಾಕಿದ್ದಾಳೆ.

ಕಾಲಲ್ಲಿ ತುಳಿಯುವ ಉಷಾ ಮಾತ್ರ ಮನೆಯಲ್ಲೇ ಉಳಿದಿದೆ, ಮನೆಯವರ ಬಟ್ಟೆಗೆ. ಎರಡು ಚೀಲ ಚಿಂದಿಯೂ ಉಳಿದಿತ್ತು. ಓಣಿಯ ಎಷ್ಟೋ ಲಗ್ನಗಳ ಕಣದ ತುಣುಕು. ಅತ್ತೆ ಅವನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಕೌದಿಗೆ ಕೈ ಹಚ್ಚಿದ್ದಾರೆ. ಒಳಗೆ ಹಳೆಯ ಸೀರೆಗಳ ಪದರ, ಮೇಲೆ ತುಣುಕುಗಳು, ಅಂಚಿನಿಂದ ಸುತ್ತು ಸುತ್ತಾಗಿ ನಡುವಿಗೆ ಬರುವ ದಾರ. ಮಗಳು ಸೂಜಿ ಪೋಣಿಸಿ ಕೊಡುತ್ತಾಳೆ, ನಾನೂ ಒಂದು ಮಗ್ಗುಲಿಂದ ಹೊಲಿಯುತ್ತೇನೆ, ಮೂವರ ಮಾತು ನಡೆಯುತ್ತದೆ. ಅತ್ತೆ ತಾವು ನಡೆದು ಹೋದ ಸಿಂಗಟಾಲೂರಿನ ಜಾತ್ರೆಯ ಕಥೆ ಹೇಳುತ್ತಾರೆ. ಮಗಳು ತನ್ನ ಸಾಲೆಯದನ್ನು ಹೇಳುತ್ತಾಳೆ, ಈಗ ಕಣ್ಣು ನೋಡಿಯೇ.

ತಿಂಗಳ ಕೈಖರ್ಚು ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಗಂಡನಿಗೆ ಮೊದಲೇ ಹೇಳಿದ್ದೆ: ಬಿಡುವಾದ ಈ ಹೊತ್ತು ಒಲೆಯ ಪಾಲಲ್ಲ, ಮಕ್ಕಳ ಮತ್ತು ಹಿರಿಯರ ಪಾಲು. ಅವರು ಒಪ್ಪಿದರು. ನೀರು ತುಂಬುವುದು, ತಾಯಿಯ ಗುಳಿಗೆ, ಸಂಜೆ ಮಗನ ಲೆಕ್ಕದ ಪಾಠ ಈಗ ಅವರ ಕೆಲಸ. ಹೆಂಗಸು ಕಸುಬು ಬಿಟ್ಟಳೆಂದರೆ ಅವಳೊಬ್ಬಳೇ ಮನೆಗೆ ಹೊತ್ತು ಕೊಟ್ಟಳೆಂದಾಗಬಾರದು, ಮನೆಯವರೆಲ್ಲ ಒಬ್ಬರಿಗೊಬ್ಬರು ಕೊಡಬೇಕು. ಬಿಡುವುದಾಗಲಿ ಮುಂದುವರಿಸುವುದಾಗಲಿ ಅವಳದೇ ತೀರ್ಮಾನವಾಗಿರಬೇಕು. ನಾಳೆ ಮತ್ತೆ ಮಷೀನಿನ ಮುಂದೆ ಕೂಡುವ ಮನಸ್ಸಾದರೆ ಕೂತೇನು. ಕೈಗೆ ಬಂದ ವಿದ್ಯೆ ಎಲ್ಲಿಗೂ ಹೋಗುವುದಿಲ್ಲ.

ಇದನ್ನು ಓದುವ ಅಕ್ಕ ತಂಗಿಯರಲ್ಲಿ ಒಂದು ಮಾತು. ನಿಮ್ಮ ಓಣಿಯಲ್ಲೂ ಮನೆಯಲ್ಲಿ ಕೂತು ಹೊಲಿಯುವ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಪಂಚಮಿಯ ಕಣವನ್ನು ಕಾರಹುಣ್ಣಿಮೆಗೇ ಕೊಡಿರಿ. ಉಣ್ಣುವ ಹೊತ್ತಿನಲ್ಲಿ ಬಾಗಿಲು ಬಡಿಯಬೇಡಿರಿ. ಕುಬಸ ಕೈಗೆ ಬಂದ ದಿನವೇ ಕೂಲಿಯನ್ನು ಅವಳ ಕೈಗಿಡಿರಿ.