ಲಾಲ್‌ಬಾಗ್ ಬಂಡೆಯಿಂದ ಮಂಗಳಕ್ಕೆ 304 ಹೆಜ್ಜೆ

ಲಾಲ್‌ಬಾಗ್ ಅಂದ್ರೆ ಎಲ್ಲರಿಗೂ ನೆನಪಾಗೋದು ಗಾಜಿನ ಮನೆ, ಫ್ಲವರ್ ಶೋ. ನನಗೆ ಇಷ್ಟ ಕೆಂಪೇಗೌಡರ ಗೋಪುರ ಇರೋ ಆ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಬುಧ, ಶುಕ್ರ, ಭೂಮಿ, ಮಂಗಳ, ಸೂರ್ಯನಿಗೆ ಹತ್ತಿರದ ಈ ನಾಲ್ಕೂ ಕಲ್ಲಿನ ಗ್ರಹಗಳೇ. ಅವುಗಳ ದೂರ ಅಳೆಯೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಕಳೆದ ಭಾನುವಾರ ಬೆಳಿಗ್ಗೆ ಅಕ್ಕ ಮತ್ತು ಅವಳ ಹತ್ತು ವರ್ಷದ ಮಗಳ ಜೊತೆ ಹೋಗಿದ್ದೆ. ದೊಡ್ಡವಳಾದ ಮೇಲೆ ಮಂಗಳ ಗ್ರಹಕ್ಕೆ ಹೋಗೇ ಹೋಗ್ತೀನಿ ಅಂತ ಹುಡುಗಿಯ ಹಟ. ಲೆಕ್ಕ ಸುಲಭ: ಒಂದು ಮೀಟರ್ ಅಂದ್ರೆ 10 ಲಕ್ಷ ಕಿಲೋಮೀಟರ್. ಈ ಅಳತೆಯಲ್ಲಿ ಸೂರ್ಯನ ಅಗಲ 1.4 ಮೀಟರ್, ಹೆಚ್ಚುಕಡಿಮೆ ಇವಳ ಎತ್ತರದಷ್ಟು! ಅವಳನ್ನೇ ಸೂರ್ಯ ಮಾಡಿ, ಅಕ್ಕನ ಜೊತೆ ಗೋಪುರದ ಹತ್ತಿರ ನಿಲ್ಲಿಸಿ, ಕೈಯಲ್ಲಿ ನಾಲ್ಕು ಕಾಳು ಹಿಡಿದು ನಾನು ಬಂಡೆ ಇಳಿಯತೊಡಗಿದೆ.

77ನೇ ಹೆಜ್ಜೆಗೆ ಬುಧ, ಒಂದು ಕಾಳುಮೆಣಸು. 144ಕ್ಕೆ ಶುಕ್ರ, 200ಕ್ಕೆ ಭೂಮಿ, ಎರಡೂ ಕಾಬೂಲ್ ಕಡಲೆಯಷ್ಟು. 304ಕ್ಕೆ ಮಂಗಳ, ಒಂದು ಬಟಾಣಿ. ನಡುವೆ ಎಲ್ಲಾ ಬರೀ ಖಾಲಿ.

ವಾಪಸ್ ಭೂಮಿಯ ಹತ್ತಿರ ಬಂದು ನಿಂತೆ. ಇಲ್ಲಿಂದ ಬುಧ, ಶುಕ್ರರನ್ನು ನೋಡಬೇಕಂದ್ರೆ ಸೂರ್ಯನ ಕಡೆಗೇ ತಿರುಗಬೇಕು. ಅದಕ್ಕೇ ನಮ್ಮೂರಲ್ಲಿ ಅವು ಕಾಣೋದು ಮುಂಜಾನೆ ಇಲ್ಲವೇ ಮುಸ್ಸಂಜೆ, ನಡುರಾತ್ರಿ ಅಲ್ಲ. ಮಂಗಳ ಹಾಗಲ್ಲ. ಅದು ನಮ್ಮ ಬೆನ್ನ ಹಿಂದೆಯೂ ಇರಬಹುದು, ಆಗ ನಡುರಾತ್ರಿಯಲ್ಲೂ ಕಾಣುತ್ತೆ.

ಅಷ್ಟರಲ್ಲಿ ಮೇಲಿಂದ ಫೋನ್. "ಚಿಕ್ಕಮ್ಮ, ಅಲ್ಲಿಂದ ಮಂಗಳಕ್ಕೆ ಇನ್ನು ನೂರೇ ಹೆಜ್ಜೆ ಅಲ್ವಾ?"

"ಅದು ನಿಂತಲ್ಲೇ ನಿಂತಿದ್ರೆ ನೂರು, ಪುಟ್ಟಿ."

ಶಾಲೆಯ ಚಾರ್ಟಿನಲ್ಲಿ ಗ್ರಹಗಳು ಬಸ್ಸಿಗೆ ಕಾಯೋರ ಹಾಗೆ ಸಾಲಾಗಿ ನಿಂತಿರುತ್ತವೆ. ನಿಜದಲ್ಲಿ ಬುಧ 88 ದಿನಕ್ಕೆ ಸೂರ್ಯನ ಸುತ್ತ ಒಂದು ಸುತ್ತು ಮುಗಿಸಿದರೆ ಶುಕ್ರನಿಗೆ 225, ನಮಗೆ 365, ಮಂಗಳಕ್ಕೆ 687 ದಿನ ಬೇಕು. ಹೀಗಾಗಿ ಒಮ್ಮೆ 75 ಹೆಜ್ಜೆಯಷ್ಟು ಹತ್ತಿರ ಬರೋ ಮಂಗಳ, ಇನ್ನೊಮ್ಮೆ ಸೂರ್ಯನ ಆಚೆ 500 ಹೆಜ್ಜೆಗೂ ದೂರ. ಹೊರಡೋಕೆ ಒಳ್ಳೆ ಮುಹೂರ್ತ ಸುಮಾರು 26 ತಿಂಗಳಿಗೊಮ್ಮೆ ಮಾತ್ರ. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟಿದ್ದು ಅಂಥ ಮುಹೂರ್ತದಲ್ಲೇ. ಮಂಗಳ ಅವತ್ತು ಇದ್ದ ಜಾಗಕ್ಕಲ್ಲ, 2014ರ ಸೆಪ್ಟೆಂಬರ್ 24ಕ್ಕೆ ಬರಲಿದ್ದ ಜಾಗಕ್ಕೆ ಗುರಿಯಿಟ್ಟು ಕಳಿಸಿದ್ದರು.

ಮನುಷ್ಯರು ಕಡಿಮೆ ಇಂಧನದ ದಾರಿ ಹಿಡಿದರೆ, ವಾಪಸ್ ಹೊರಡೋ ಮುಹೂರ್ತಕ್ಕೆ ಅಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕು. ಹೋಗಿ ಬರೋಕೆ ಒಟ್ಟು ಎರಡೂವರೆ ವರ್ಷ ದಾಟುತ್ತೆ. ಇದನ್ನು ಹೇಳಿದಾಗ ಸ್ಪೀಕರಿನಲ್ಲಿ ಕೇಳಿಸಿಕೊಳ್ತಿದ್ದ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಗಳಿಗೆ ಹೇಳಿದ್ದು ಇಷ್ಟೇ: "ಹೋಗು, ಬೇಡ ಅನ್ನಲ್ಲ. ತಲುಪಿದ ತಕ್ಷಣ ಒಂದು ಫೋನ್ ಮಾಡು."

ಬೆಳಕಿನ ವೇಗದಲ್ಲಿ ಬಂದರೂ ಮಂಗಳದ ಒಂದು 'ಹಲೋ' ಇಲ್ಲಿಗೆ ತಲುಪೋಕೆ 22 ನಿಮಿಷದವರೆಗೂ ಹಿಡಿಯುತ್ತೆ ಅಂತ ಅಕ್ಕನಿಗೆ ನಾನಿನ್ನೂ ಹೇಳಿಲ್ಲ.