ಅಕಿಹಬಾರದಲ್ಲಿ ಹಳೆಯ ಕ್ಯಾಸೆಟ್‌ಗಳ ಬೇಟೆ

ಟೋಕಿಯೊ ನಗರದ ಅಕಿಹಬಾರ ರೈಲು ನಿಲ್ದಾಣದಲ್ಲಿ ಇಳಿದು, 'ವಿದ್ಯುತ್ ಪೇಟೆ'ಯ ಕಡೆಗೆ ಎಂಬ ಫಲಕವಿರುವ ದಾರಿಯಿಂದ ಹೊರಬಂದರೆ ಮೊದಲು ಎದುರಾಗುವುದು ಗದ್ದಲ. ಎತ್ತರದ ಕಟ್ಟಡಗಳ ತುಂಬ ಬಣ್ಣಬಣ್ಣದ ಫಲಕಗಳು, ಬಾಗಿಲಲ್ಲೇ ನಿಂತು ಕೂಗಿ ಕರೆಯುವ ಅಂಗಡಿಯವರು, ಕಂಪ್ಯೂಟರು, ಕ್ಯಾಮೆರಾ, ಮೊಬೈಲು. ಎಲ್ಲವೂ ಹೊಚ್ಚ ಹೊಸತು. ಆದರೆ ಈ ಜನಜಂಗುಳಿಯಲ್ಲಿ ಒಂದು ಪಂಗಡವಿದೆ. ಅವರಿಗೆ ಹೊಸದೇನೂ ಬೇಡ. ಅವರು ಹುಡುಕಿ ಬಂದಿರುವುದು ನಲವತ್ತು ವರ್ಷ ಹಳೆಯದಾದ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು. ಅದರ ಹೆಸರು ಕ್ಯಾಸೆಟ್!

ಇದು ಹಾಡಿನ ಕ್ಯಾಸೆಟ್ ಅಲ್ಲ, ವಿಡಿಯೋ ಗೇಮಿನ ಕ್ಯಾಸೆಟ್. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಟಿ.ವಿ.ಗೆ ಒಂದು ಪೆಟ್ಟಿಗೆ ಸಿಕ್ಕಿಸಿ, ಅದರ ಬಾಯಿಗೆ ಹಳದಿಯದೋ ಕಪ್ಪಿನದೋ ಒಂದು ಡಬ್ಬಿ ತುರುಕಿ ಮಕ್ಕಳು ಮೂರು ಹೊತ್ತೂ ಆಡುತ್ತಿದ್ದರಲ್ಲ, ಅದೇ. ಅದನ್ನು ಇಲ್ಲಿಯ ಮಕ್ಕಳೂ ಕ್ಯಾಸೆಟ್ ಎಂದೇ ಕರೆದರು, ಜಪಾನಿನ ಮಕ್ಕಳೂ ಹಾಗೆಯೇ ಕರೆದರು. ಇಲ್ಲಿ ಬಿಕರಿಯಾದ ಆ ಅಗ್ಗದ ಪೆಟ್ಟಿಗೆಗಳಲ್ಲಿ ಬಹುಪಾಲು ಜಪಾನಿನ ಒಂದು ಯಂತ್ರದ ನಕಲು. ಅಸಲಿನ ಹೆಸರು 'ಫ್ಯಾಮಿಲಿ ಕಂಪ್ಯೂಟರ್', ಮುದ್ದಿನ ಹೆಸರು 'ಫ್ಯಾಮಿಕಾಮ್'. ಕ್ಯೋಟೊ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿಕೊಂಡ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ಅದನ್ನು ಮಾರುಕಟ್ಟೆಗೆ ತಂದಿತು. ಬೆಲೆ 14,800 ಯೆನ್. ಅಂದು ಅದಕ್ಕಾಗಿ ಹಟ ಹಿಡಿದು ಅತ್ತ ಮಕ್ಕಳು ಇಂದು ಐವತ್ತರ ಆಸುಪಾಸಿನವರು. ಅಕಿಹಬಾರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿಳಿಯುವವರಲ್ಲಿ ಅವರೂ ಇದ್ದಾರೆ, ಅವರ ಕೈ ಹಿಡಿದು ಬರುವ ಮಕ್ಕಳೂ ಇದ್ದಾರೆ.

ರೇಡಿಯೋದಿಂದ ಆರಂಭ

ಅಕಿಹಬಾರ ಎಂಬ ಹೆಸರಿನ ಹಿಂದೆ ಬೆಂಕಿಯ ಕಥೆಯಿದೆ. 1869ರಲ್ಲಿ ಇಲ್ಲಿ ದೊಡ್ಡ ಅಗ್ನಿ ಅನಾಹುತವಾಯಿತು. ಬೆಂಕಿ ಹಬ್ಬದಿರಲೆಂದು ಜಾಗವನ್ನು ಬಯಲಾಗಿ ಬಿಟ್ಟು, ಮರುವರ್ಷ ಅಗ್ನಿಯಿಂದ ಕಾಪಾಡುವ ದೇವರ ಗುಡಿಯನ್ನು ಕಟ್ಟಿದರು. ಆ ದೇವರ ಹೆಸರಿನಿಂದ ಬಯಲಿಗೂ ಹೆಸರು ಬಂತು. 1890ರಲ್ಲಿ ಬಯಲಿಗೆ ರೈಲು ಬಂತು.

ಎರಡನೇ ಮಹಾಯುದ್ಧ ಮುಗಿದಾಗ ಟೋಕಿಯೊ ಸುಟ್ಟು ಬೂದಿಯಾಗಿತ್ತು. ಸುದ್ದಿ ಕೇಳಲು ಜನರಿಗೆ ರೇಡಿಯೋ ಬೇಕು, ಅಂಗಡಿಯಲ್ಲಿ ರೇಡಿಯೋ ಇಲ್ಲ. ಆಗ ಹತ್ತಿರದ ಕಾಂಡಾದಲ್ಲಿದ್ದ ವಿದ್ಯುತ್ ತಾಂತ್ರಿಕ ಶಾಲೆಯ ವಿದ್ಯಾರ್ಥಿಗಳು ಒಂದು ಉಪಾಯ ಕಂಡುಕೊಂಡರು. ರಸ್ತೆಬದಿಯಲ್ಲಿ ವಾಲ್ವು, ಕಾಯಿಲ್, ಕೆಪಾಸಿಟರುಗಳನ್ನು ಕೊಂಡು ತಾವೇ ರೇಡಿಯೋ ಜೋಡಿಸಿ ಮಾರತೊಡಗಿದರು. ಓದಿನ ಖರ್ಚು ಹೊರಬಿತ್ತು, ಪಾಠವೂ ಕೈಗೆ ಹತ್ತಿತು. ಬಿಡಿಭಾಗಗಳ ಗಾಡಿಗಳು ಸಾಲುಗಟ್ಟಿದವು. 1949ರಲ್ಲಿ ಬೀದಿ ಅಂಗಡಿಗಳನ್ನು ತೆರವುಗೊಳಿಸಬೇಕೆಂಬ ಆಜ್ಞೆ ಹೊರಟಾಗ ವ್ಯಾಪಾರಿಗಳಿಗೆ ರೈಲು ಮೇಲ್ಸೇತುವೆಯ ಕೆಳಗೆ ಜಾಗ ಸಿಕ್ಕಿತು. ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದಷ್ಟು ಕಿರಿದಾದ 'ರೇಡಿಯೋ ಸೆಂಟರ್' ಎಂಬ ಆ ಅಂಗಡಿ ಸಾಲು ಇಂದಿಗೂ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಓಡಾಡಿದವರಿಗೆ ಅದು ಪರಿಚಿತ ದೃಶ್ಯ ಎನಿಸೀತು. ರೇಡಿಯೋ ಹೋಗಿ ಟಿ.ವಿ., ಟಿ.ವಿ. ಹೋಗಿ ಕಂಪ್ಯೂಟರು, ಆಮೇಲೆ ವಿಡಿಯೋ ಗೇಮು. ಸರಕು ಬದಲಾಯಿತು, ಕೆದಕಿ ಹುಡುಕುವ ಗುಣ ಬದಲಾಗಲಿಲ್ಲ.

ಮೆಟ್ಟಿಲು ಹತ್ತಿದರೆ

ಹಳೆಯ ಆಟಗಳ ಅಂಗಡಿಗಳು ನೆಲಮಹಡಿಯಲ್ಲಿ ಸಿಗುವುದು ಕಡಿಮೆ. 'ಸೂಪರ್ ಪೊಟೇಟೊ' ಎಂಬ ತಮಾಷೆಯ ಹೆಸರಿನ ಅಂಗಡಿ ಒಂದು ಕಟ್ಟಡದ ಮೂರು, ನಾಲ್ಕು ಮತ್ತು ಐದನೇ ಮಹಡಿಗಳಲ್ಲಿದೆ. ಕೆಳಗಿನೆರಡರಲ್ಲಿ ಕ್ಯಾಸೆಟ್, ಯಂತ್ರಗಳ ಮಾರಾಟ. ಮೇಲಿನದರಲ್ಲಿ ಕಾಸು ಹಾಕಿ ಆಡುವ ಹಳೆಯ ಯಂತ್ರಗಳ ಸಾಲು. 'ಬೀಪ್' ಎಂಬ ಇನ್ನೊಂದು ಅಂಗಡಿ ನೆಲಮಾಳಿಗೆಯಲ್ಲಿದೆ, ಅಲ್ಲಿ ಹಳೆಯ ಕಂಪ್ಯೂಟರಿನ ಆಟಗಳು ಸಿಗುತ್ತವೆ. 'ಮಂದರಾಕೆ' ಎಂಬುದು ಎಂಟು ಮಹಡಿಯ ಕಪ್ಪು ಕಟ್ಟಡ. ಚಿತ್ರಕಥೆಯ ಪುಸ್ತಕ, ಬೊಂಬೆ, ಆಟಿಕೆ, ಆಟ ಎಲ್ಲಕ್ಕೂ ಒಂದೊಂದು ಮಹಡಿ.

ಈ ವ್ಯಾಪಾರಕ್ಕೆ ನ್ಯಾಯಾಲಯದ ಮುದ್ರೆಯೂ ಇದೆ. ಒಮ್ಮೆ ಬಳಸಿದ ಆಟವನ್ನು ಮತ್ತೆ ಮಾರುವುದು ತಮ್ಮ ಹಕ್ಕಿಗೆ ಚ್ಯುತಿ ಎಂದು ಆಟ ತಯಾರಿಸುವ ಕಂಪನಿಗಳು ದಾವೆ ಹೂಡಿದ್ದವು. 2002ರ ಏಪ್ರಿಲ್ 25ರಂದು ಜಪಾನಿನ ಸುಪ್ರೀಂ ಕೋರ್ಟು ಅಂಗಡಿಗಳ ಪರವಾಗಿ ತೀರ್ಪು ನೀಡಿತು. ಒಮ್ಮೆ ನ್ಯಾಯವಾಗಿ ಮಾರಿದ ಮೇಲೆ ಆ ಪ್ರತಿಯ ಮರುಮಾರಾಟವನ್ನು ತಡೆಯುವ ಹಕ್ಕು ಕಂಪನಿಗೆ ಉಳಿಯುವುದಿಲ್ಲ ಎಂಬುದು ಅದರ ಸಾರ. ಹಾಗೆಂದು ಯಾರು ಬೇಕಾದರೂ ತಂದು ಸುರಿಯುವಂತಿಲ್ಲ. ಹಳೆಯ ಆಟವನ್ನು ಮಾರಲು ಬಂದವರ ಗುರುತು ಪತ್ರವನ್ನು ಅಂಗಡಿಯವನು ನೋಡಲೇಬೇಕು. ಕದ್ದ ಮಾಲು ಕೈ ಬದಲಾಯಿಸಬಾರದಲ್ಲ!

ನಾಣ್ಯದಂಥ ಬ್ಯಾಟರಿಯ ಆಯಸ್ಸು

ವಿಜ್ಞಾನ ಓದುವ ಮಕ್ಕಳಿಗೆ ಈ ಡಬ್ಬಿಯೊಳಗೆ ಒಳ್ಳೆಯ ಪಾಠವಿದೆ. 1985ರಲ್ಲಿ ಬಂದ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಗಾತ್ರ ಕೇವಲ 40 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಇದರ ಐವತ್ತು ಪಟ್ಟು ಜಾಗವನ್ನು ಸುಲಭವಾಗಿ ಕಬಳಿಸುತ್ತದೆ! ಆಟ ಬರೆದಿರುವ ಚಿಪ್ಪಿಗೆ ವಿದ್ಯುತ್ತು ಇಲ್ಲದಿದ್ದರೂ ನೆನಪು ಉಳಿಯುತ್ತದೆ. ಆದ್ದರಿಂದಲೇ ನಲವತ್ತು ವರ್ಷದ ಬಳಿಕವೂ ಆಟ ನಡೆಯುತ್ತದೆ.

ಆದರೆ ಆಡುವವನು ಎಲ್ಲಿಯವರೆಗೆ ಬಂದ ಎಂಬ ಲೆಕ್ಕ ಬೇರೆ ಚಿಪ್ಪಿನಲ್ಲಿರುತ್ತದೆ. ಅದಕ್ಕೆ ಸದಾ ತುಸು ವಿದ್ಯುತ್ತು ಹರಿಯುತ್ತಿರಬೇಕು. ಅದಕ್ಕೆಂದೇ ಒಳಗೆ ನಾಣ್ಯದಾಕಾರದ 3 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. 1988ರ ಫೆಬ್ರುವರಿ 10ರಂದು ಬಂದ 'ಡ್ರಾಗನ್ ಕ್ವೆಸ್ಟ್ 3' ಇಂಥ ಬ್ಯಾಟರಿಯಿದ್ದ ಆಟ. ಅಂದು ಬುಧವಾರ. ಶಾಲೆಗೆ ಚಕ್ಕರ್ ಹೊಡೆದು ಅಂಗಡಿ ಮುಂದೆ ಸಾಲು ನಿಂತ ಮಕ್ಕಳನ್ನು ಪೊಲೀಸರು ಹಿಡಿದು ಬುದ್ಧಿ ಹೇಳಬೇಕಾಯಿತು. 1999ರ 'ಪೋಕೆಮಾನ್ ಗೋಲ್ಡ್', 'ಸಿಲ್ವರ್' ಆಟಗಳ ಡಬ್ಬಿಯಲ್ಲಿ ಗಡಿಯಾರವೂ ಇದೆ. ಗಡಿಯಾರ ಹಗಲಿರುಳು ಓಡಬೇಕಾದ್ದರಿಂದ ಅವುಗಳ ಬ್ಯಾಟರಿ ಇನ್ನೂ ಬೇಗ ಮುಗಿಯುತ್ತದೆ. ಅಂದರೆ ಅಕಿಹಬಾರದ ಕಪಾಟಿನಲ್ಲಿರುವ ಹಳೆಯ ಕ್ಯಾಸೆಟ್‌ಗಳಲ್ಲಿ ಆಟ ಉಳಿದಿದ್ದರೂ ಆಡಿದವರ ಲೆಕ್ಕ ಒಂದೊಂದಾಗಿ ಅಳಿಯುತ್ತಿದೆ. ಹೊಸ ಬ್ಯಾಟರಿ ಹಾಕಬಹುದು. ಆದರೆ ಹಳೆಯದನ್ನು ಬಿಚ್ಚಿದೊಡನೆ ಅಳಿದುಳಿದ ನೆನಪೂ ಹೋಗುತ್ತದೆ.

ಬಿಳಿಯ ಯಂತ್ರ ಹಳದಿಯಾಗುವುದೂ ರಸಾಯನಶಾಸ್ತ್ರವೇ. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕು ಬಿಸಿಲಿನ ನೇರಳಾತೀತ ಕಿರಣ, ಶಾಖ ಮತ್ತು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಬಣ್ಣಗೆಡುತ್ತದೆ. ಇನ್ನು ಕ್ಯಾಸೆಟ್ಟಿನ ಬಾಯಿಗೆ 'ಫೂ' ಎಂದು ಊದುವ ಅಭ್ಯಾಸ! ಇಲ್ಲಿಯ ಮಕ್ಕಳೂ ಊದಿದವರೇ. ಉಸಿರಿನ ತೇವ ಲೋಹದ ಹಲ್ಲುಗಳಿಗೆ ತುಕ್ಕು ತರುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಒರೆಸುವುದು ಸರಿಯಾದ ಕ್ರಮ.

ಬೆರಳ ತುದಿಯ ಪೇಟೆ

ಇಷ್ಟೆಲ್ಲ ಮೆಟ್ಟಿಲು ಹತ್ತುವುದೇಕೆ, ಮನೆಯಲ್ಲೇ ಕುಳಿತು ತರಿಸಬಾರದೇ? ಖಂಡಿತ ತರಿಸಬಹುದು. ಅಮೆರಿಕದಲ್ಲಿ 1995ರಲ್ಲಿ 'ಇಬೇ', ಜಪಾನಿನಲ್ಲಿ 1999ರಲ್ಲಿ 'ಯಾಹೂ ಆಕ್ಷನ್', 2013ರಲ್ಲಿ 'ಮೆರ್ಕಾರಿ' ಬಂದ ಮೇಲೆ ಹಳೆಯ ವಸ್ತುಗಳ ಸಂತೆ ಅಂತರ್ಜಾಲಕ್ಕೆ ಏರಿತು. ಹೊಕ್ಕೈಡೊದ ಹಳ್ಳಿಯೊಂದರ ಅಟ್ಟದಲ್ಲಿ ಬಿದ್ದಿರುವ ಕ್ಯಾಸೆಟ್ಟನ್ನು ಟೋಕಿಯೊದವನು ಅರೆ ನಿಮಿಷದಲ್ಲಿ ಪತ್ತೆ ಹಚ್ಚಬಹುದು. ಹಿಂದೆ ಹತ್ತು ವರ್ಷ ಅಲೆದರೂ ಆಗದ ಕೆಲಸ ಅದು. ಅಂಗಡಿಯವನು ಹೇಳಿದ್ದೇ ಬೆಲೆ ಎಂಬ ಕಾಲವೂ ಹೋಯಿತು. ನಾಲ್ಕು ಕಡೆ ಹೋಲಿಸಿ ನೋಡಬಹುದು.

ಆದರೆ ತೆರೆಯ ಮೇಲೆ ಕಾಣುವುದು ಚಿತ್ರ ಮಾತ್ರ. ಬ್ಯಾಟರಿ ಸತ್ತಿದೆಯೋ, ಹಲ್ಲುಗಳು ತುಕ್ಕು ಹಿಡಿದಿವೆಯೋ ಚಿತ್ರ ಹೇಳದು. ನಕಲಿಗಳ ಕಾಟ ಬೇರೆ. ಬೇಡಿಕೆಯಿರುವ ಆಟಗಳಿಗೆ ಹೊಚ್ಚ ಹೊಸ ಚೀಟಿ ಅಂಟಿಸಿದ ನಕಲಿ ಕ್ಯಾಸೆಟ್ಟುಗಳು ಧಾರಾಳವಾಗಿ ಹರಿದಾಡುತ್ತವೆ. ಡಬ್ಬಿ ತೆರೆದರೆ ಗುಟ್ಟು ಬಯಲು. ಅಸಲಿಯಲ್ಲಿ ತಯಾರಕರ ಅಕ್ಷರಗಳಿರುವ ಅಚ್ಚುಕಟ್ಟಾದ ಚಿಪ್ಪುಗಳು. ನಕಲಿಯಲ್ಲಿ ಬಹಳ ಸಲ ಕಪ್ಪು ಅಂಟಿನ ಒಂದು ಬೊಟ್ಟು. ಅಂಗಡಿಯಲ್ಲಾದರೆ ಎತ್ತಿ, ತಿರುಗಿಸಿ ನೋಡಬಹುದು, ಕೇಳಿ ತಿಳಿಯಬಹುದು. ಸ್ಪರ್ಶಕ್ಕೆ ಸಿಗುವ ಸತ್ಯ ಬೇರೆಯೇ.

ಇನ್ನೊಂದು ವ್ಯತ್ಯಾಸವಿದೆ. ಅಂತರ್ಜಾಲದಲ್ಲಿ ಹೆಸರು ಗೊತ್ತಿದ್ದರೆ ಮಾತ್ರ ಹುಡುಕಲಾದೀತು. ಅಂಗಡಿಯ ಕಪಾಟಿನಲ್ಲಿ ಹೆಸರೇ ಕೇಳದ ಆಟ ಕೈಗೆ ತಾಗುತ್ತದೆ. ಗ್ರಂಥಾಲಯದಲ್ಲಿ ಒಂದು ಪುಸ್ತಕಕ್ಕೆಂದು ಹೋಗಿ ಪಕ್ಕದ್ದನ್ನು ಹಿಡಿದು ಬರುವುದಿಲ್ಲವೇ, ಹಾಗೆ.

ಬೆಲೆಯೋ, ಬೆಲೆ!

ಅಂತರ್ಜಾಲ ಅಂಗಡಿಯನ್ನೂ ಬದಲಾಯಿಸಿತು. ಜಗತ್ತಿನ ಬೆಲೆ ಎಲ್ಲರಿಗೂ ತಿಳಿದ ಮೇಲೆ ಅಕಿಹಬಾರದ ಚೀಟಿಗಳಲ್ಲೂ ಅಂಕಿಗಳು ಏರಿದವು. 2021ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ ಸೀಲು ಒಡೆಯದ 'ಸೂಪರ್ ಮಾರಿಯೊ 64' ಆಟ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಸೀಲು ಒಡೆಯದ್ದು ಎಂದರೆ ಯಾರೂ ಆಡದ್ದು. ಆಡಲೆಂದು ಮಾಡಿದ ವಸ್ತುವಿಗೆ ಆಡದಿದ್ದಕ್ಕೇ ಬೆಲೆ! ಇದನ್ನು ಓದಿ ಹಳೆಯ ಆಟ ಕೊಂಡಿಟ್ಟರೆ ಹಣ ದುಪ್ಪಟ್ಟಾದೀತು ಎಂದು ಯಾವ ತಂದೆ ತಾಯಿಯೂ ಭಾವಿಸಬೇಕಾಗಿಲ್ಲ. ಅಂಥ ಪ್ರತಿ ಲಕ್ಷಕ್ಕೊಂದು. ಉಳಿದವು ಸಾಮಾನ್ಯ ಸರಕು.

ಅಗ್ಗಕ್ಕೆ ಬೇಕೆನ್ನುವವರು ರೈಲು ಹತ್ತಿ ಊರ ಹೊರವಲಯದ 'ಹಾರ್ಡ್ ಆಫ್' ಅಂಗಡಿಗಳಿಗೆ ಹೋಗುತ್ತಾರೆ. ಅಲ್ಲಿ 'ಜಂಕ್' ಎಂದು ಬರೆದ ನೀಲಿ ಬುಟ್ಟಿಗಳಿರುತ್ತವೆ. ಪರೀಕ್ಷಿಸಿಲ್ಲ, ಹಿಂತಿರುಗಿಸುವಂತಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಬಲ್ಲವನಿಗೆ ಅದು ನಿಧಿ. ಯುದ್ಧಾನಂತರ ವಾಲ್ವು ಕೊಂಡು ರೇಡಿಯೋ ಜೋಡಿಸಿದ ಹುಡುಗರ ವಾರಸುದಾರರು ಇಂದು ಆ ಬುಟ್ಟಿಗಳ ಮುಂದೆ ಬಗ್ಗಿ ನಿಂತಿರುತ್ತಾರೆ.

ಹಳೆಯ ಡಬ್ಬಿಗಳಿಗೆ ಇಷ್ಟು ಹಂಬಲವೇಕೆ ಎಂಬುದಕ್ಕೆ ಉತ್ತರವೂ ಇದೆ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ 87ರಷ್ಟು ಹೊಸದಾಗಿ ಎಲ್ಲೂ ಕೊಳ್ಳಲು ಸಿಗುವುದಿಲ್ಲ ಎಂದು ಅಲ್ಲಿಯ ವಿಡಿಯೋ ಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ವರದಿ ಮಾಡಿತು. ಅದೇ ವರ್ಷದ ಮಾರ್ಚಿನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಡಬ್ಬಿಯಿಲ್ಲದೆ ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಇನ್ನು ಹೊಸಬರು ಕೊಳ್ಳುವಂತಿಲ್ಲ. ಡಬ್ಬಿಯಲ್ಲಿ ಬಂದದ್ದು ಕೈಯಿಂದ ಕೈಗೆ ದಾಟುತ್ತಲೇ ಇದೆ.

ಹೆಸರು ಬರೆದ ಕ್ಯಾಸೆಟ್

ಕಪಾಟಿನ ಮೂಲೆಯಲ್ಲಿ ಕೆಲವು ಕ್ಯಾಸೆಟ್ಟುಗಳು ತೀರ ಅಗ್ಗವಾಗಿರುತ್ತವೆ. 'ಹೆಸರು ಬರೆದಿದೆ' ಎಂದು ಚೀಟಿ ಅಂಟಿಸಿರುತ್ತಾರೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ದಪ್ಪ ಶಾಯಿಯ ವಕ್ರ ಅಕ್ಷರಗಳಲ್ಲಿ ಯಾವುದೋ ಮಗುವಿನ ಹೆಸರು. ಗೆಳೆಯರಿಗೆ ಎರವಲು ಕೊಟ್ಟರೆ ಕಳೆದುಹೋಗಬಾರದೆಂದು ಬರೆದದ್ದು. ಎಷ್ಟೋ ಸಲ ಅಕ್ಷರ ಅಚ್ಚುಕಟ್ಟಾಗಿರುತ್ತದೆ, ಆಗ ಬರೆದವರು ಅಮ್ಮ ಇರಬೇಕು. ಸಂಗ್ರಾಹಕರಿಗೆ ಅದು ಕಲೆ, ಆದ್ದರಿಂದ ಬೆಲೆ ಇಳಿಯುತ್ತದೆ.

ಜಪಾನಿನಲ್ಲಿ ಇಂಥವನ್ನೇ ಆರಿಸಿ ಕೊಳ್ಳುವ ಒಂದು ಅಂತರ್ಜಾಲ ವಸ್ತುಸಂಗ್ರಹಾಲಯವಿದೆ. ಅದರ ಹೆಸರೇ 'ಹೆಸರು ಬರೆದ ಕ್ಯಾಸೆಟ್ಟುಗಳ ವಸ್ತುಸಂಗ್ರಹಾಲಯ'. ಹಳೆಯ ಅಂಗಡಿಗಳಲ್ಲಿ ಸಿಕ್ಕಿದ ಕ್ಯಾಸೆಟ್ಟುಗಳ ಚಿತ್ರಗಳನ್ನು ಅಲ್ಲಿ ಪ್ರಕಟಿಸುತ್ತಾರೆ. 'ಇದು ನನ್ನದು' ಎಂದು ಬಂದವರಿಗೆ ವಿಚಾರಿಸಿ ಹಿಂತಿರುಗಿಸುವುದೇ ಅದರ ಉದ್ದೇಶ. ಅಂಗಡಿ ಇಲ್ಲದಿದ್ದರೆ ಆ ಕ್ಯಾಸೆಟ್ ಸಿಗುತ್ತಿರಲಿಲ್ಲ, ಅಂತರ್ಜಾಲ ಇಲ್ಲದಿದ್ದರೆ ಆ ಮನುಷ್ಯ ಸಿಗುತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂತೆಂದು ಯಾರೋ ಅಪ್ಪ ಕಿತ್ತಿಟ್ಟದ್ದು, ಮನೆ ಬದಲಾಯಿಸುವಾಗ ಯಾರೋ ಅಮ್ಮ ರದ್ದಿಗೆ ಹಾಕಿದ್ದು, ಓದು ಮುಗಿಸಿ ಊರು ಬಿಟ್ಟ ಹುಡುಗ ಮರೆತು ಹೋದದ್ದು, ಎಲ್ಲ ಆ ಕಪಾಟಿನಲ್ಲಿ ಒತ್ತೊತ್ತಾಗಿ ನಿಂತಿವೆ. ಈ ಬೇಸಿಗೆಯಲ್ಲಿ ಅಟ್ಟ ಸ್ವಚ್ಛ ಮಾಡಲು ಹೊರಟವರು ಹಳೆಯ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಗಿ ಕೊಡುವ ಮುನ್ನ ಒಮ್ಮೆ ಮಕ್ಕಳನ್ನು ಕೇಳುವುದು ಒಳ್ಳೆಯದು. ಮಕ್ಕಳು ದೂರದ ಊರಿನಲ್ಲಿದ್ದರೆ ಫೋನು ಮಾಡಿಯಾದರೂ.